ಸೊಟ್ಟಗಾದ ಕೌದಿಯನ್ನು ನೇರಮಾಡುವ ಬಗೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾವು ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಹೇಳಿಕೊಡುತ್ತ ಬಂದಿದ್ದೇವೆ. ವಿಸ್ತರಿಸಿ ಬರೆಯಿರೆಂದು ಪರೀಕ್ಷೆಯಲ್ಲಿ ಕೇಳಿದ್ದೇವೆ. ಆದರೆ ಅದು ನಮಗೇ ಅನ್ವಯಿಸುವ ದಿನವೊಂದು ಬರುವುದೆಂದು ಎಣಿಸಿರಲಿಲ್ಲ.

ವಾರ್ಷಿಕೋತ್ಸವಕ್ಕೆಂದು ಮಕ್ಕಳೂ ನಾವೂ ಸೇರಿ ಒಂದು ಕೌದಿಯನ್ನು ಹೊಲಿದೆವು. ಮನೆಮನೆಯಿಂದ ಬಂದ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ, 90 ಸೆಂಟಿಮೀಟರು ಅಗಲ, 120 ಸೆಂಟಿಮೀಟರು ಉದ್ದಕ್ಕೆ ಸಿದ್ಧಪಡಿಸಿ, ದೊಡ್ಡ ಕೊಠಡಿಯ ಗೋಡೆಗೆ ತೂಗುಹಾಕಿದೆವು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಏನು ಹೇಳೋಣ! ಕೌದಿಯ ಕೆಳಭಾಗ ಬಲಕ್ಕೆ ವಾಲಿತ್ತು. ಕೆಳಗಿನ ಅಂಚು ನೇರವಾಗಿ ನಿಲ್ಲದೆ ಅಲೆ ಅಲೆಯಾಗಿ ಮುಂದಕ್ಕೂ ಹಿಂದಕ್ಕೂ ಬಾಗಿತ್ತು. “ಗೋಡೆಯೇ ಸೊಟ್ಟಗಿದೆ ಸಾರ್” ಎಂದನೊಬ್ಬ ಹುಡುಗ. “ಮೊಳೆ ಸರಿಯಾಗಿ ಹೊಡೆದಿಲ್ಲ” ಎಂದಳೊಬ್ಬಳು. ನಾವೂ ಗೋಡೆಯನ್ನೇ ದೂರಿದೆವು. ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದಾಗ ಗೋಡೆ ನೆಟ್ಟಗೆ ನಿಂತಿತ್ತು. ಸೊಟ್ಟಗಿದ್ದುದು ನಮ್ಮ ಕೈಗೆಲಸವೇ.

ಮರುದಿನ ಮೇಜಿನ ಮೇಲೆ ಕೌದಿಯನ್ನು ಹರಡಿ, ಉದ್ದನೆಯ ಅಳತೆಕೋಲನ್ನಿಟ್ಟು ಗೆರೆ ಎಳೆದು, ಗೆರೆಯಿಂದ ಹೊರಗೆ ಉಳಿದದ್ದನ್ನೆಲ್ಲ ಕತ್ತರಿಸಿಬಿಡುವುದೆಂದು ನಿಶ್ಚಯಿಸಿದೆವು. ಕತ್ತರಿ ಕೈಯಲ್ಲಿತ್ತು. ಮೊಮ್ಮಗನಿಗೆ ಬುತ್ತಿ ಕೊಡಲು ಬಂದಿದ್ದ ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು ನೋಡುತ್ತಿದ್ದವರು ಹೇಳಿದರು: “ಕತ್ರಿಯ ಅತ್ಲಾಗಿ ಮಡುಗಿ ಮೇಷ್ಟ್ರೇ. ಕುಯ್ದ ಬಟ್ಟ ಮತ್ತ ಬೆಳ್ದದಾ? ಮೊದ್ಲು ನೀರು ಕುಡ್ಸಿ ನೋಡಿ.”

ಆಗ ನಾವು ಬಲಗಡೆಯ ಕೆಳಮೂಲೆಯನ್ನು ಮತ್ತೊಮ್ಮೆ ನೋಡಿದೆವು. ಅಲ್ಲಿದ್ದುದು ಬದನೆಕಾಯಿ ಬಣ್ಣದ ಸೀರೆಯೊಂದರ ಅಂಚಿನ ತುಂಡು. ಅದನ್ನು ತಂದುಕೊಟ್ಟ ಹುಡುಗಿಯ ಅಜ್ಜಿ ಹಿಂದಿನ ವರ್ಷವಷ್ಟೆ ತೀರಿಕೊಂಡಿದ್ದರು. ನಾವು ಎಳೆದ ಗೆರೆ ಆ ಅಂಚಿನ ಹೊರಗಿನ ಪಟ್ಟೆಯನ್ನು ಪೂರ್ತಿಯಾಗಿ ಆಚೆಗೆ ಬಿಟ್ಟಿತ್ತು. ಹುಡುಗಿ ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಬೇಡವೆಂದು ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಕತ್ತರಿಯನ್ನು ಕೆಳಗಿಟ್ಟೆವು.

ಅಲ್ಲಿಂದ ಮುಂದೆ ನಾವು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ. ಮನೆಯಲ್ಲಿ ಕೈಹೊಲಿಗೆಯ ಕೌದಿಯನ್ನಾಗಲಿ, ಗೋಡೆಯ ಅಲಂಕಾರದ ಬಟ್ಟೆಯನ್ನಾಗಲಿ ಮಾಡುವ ತಾಯಂದಿರಿಗೂ, ರಜೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳಿಗೂ ಇದು ಉಪಯೋಗಕ್ಕೆ ಬರಬಹುದು.

ಕೌದಿ ಎಂದರೇನು?

ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಎಲ್ಲ ಪದರಗಳನ್ನೂ ಸೂಜಿ ದಾರದಿಂದ ಸಾಲು ಸಾಲಾಗಿ ಹೊಲಿದ ಹೊದಿಕೆಯೇ ಕೌದಿ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಈ ಮಾತು ಮನೆಮಾತು. ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದರ ಅಕ್ಕತಂಗಿಯರು. ನಮ್ಮ ಬೆಟ್ಟದ ಸೀಮೆಯ ಚಳಿಯಲ್ಲಿಯೂ ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಹೊದಿಕೆ ಬಡವರ ಮನೆಯಲ್ಲಿ ಕಂಬಳಿಗೆ ಜೊತೆಯಾಗಿರುತ್ತದೆ. ಹೊದ್ದು ಮಲಗುವ ಕೌದಿ ತುಸು ಸೊಟ್ಟಗಿದ್ದರೆ ಯಾರೂ ಕೇಳುವುದಿಲ್ಲ. ಕಾಲು ಮುಚ್ಚಿದರೆ ಸಾಕು. ಅದೇ ಕೌದಿ ಗೋಡೆಗೇರಿದಾಗ ಬಾಗಿಲು, ಕಿಟಕಿ, ತೊಲೆಗಳ ನೇರ ಗೆರೆಗಳ ನಡುವೆ ನಿಲ್ಲಬೇಕಾಗುವುದರಿಂದ ಎರಡು ಬೆರಳಿನಷ್ಟು ಓರೆಯೂ ಎದ್ದು ಕಾಣುತ್ತದೆ.

ನಮ್ಮ ಕೌದಿಯಲ್ಲಿ ಚಾಮರಾಜನಗರದಲ್ಲಿ ಕೊಂಡ ಸೀರೆಯೂ ಇತ್ತು, ಸತ್ಯಮಂಗಲದಲ್ಲಿ ಕೊಂಡ ಪಂಚೆಯೂ ಇತ್ತು. 1956ರಲ್ಲಿ ಭಾಷಾವಾರು ರಾಜ್ಯಗಳ ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. ನೆಂಟರಿಷ್ಟರು ಮಾತ್ರ ಎರಡು ಕಡೆಯೂ ಉಳಿದರು. ಬೀರುವಿನಲ್ಲಿರುವ ಬಟ್ಟೆಗಳಿಗೂ ಈ ಗಡಿ ಗೊತ್ತಿಲ್ಲ. ಇಂಥ ತುಂಡುಗಳು ಅಂಗಡಿಯಲ್ಲಿ ಮತ್ತೆ ಸಿಕ್ಕುವಂಥವಲ್ಲ. ಕತ್ತರಿಯ ಮಾತು ಬಂದಾಗ ನೆನಪಿಡಬೇಕಾದ ಸಂಗತಿ ಇದು.

ಮೊದಲು ಅಳತೆ

ಕೌದಿ ಸೊಟ್ಟಗಿದೆ ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಕನ್ನಡದಲ್ಲಿ ಸೊಟ್ಟ, ಓರೆ, ಡೊಂಕು, ಸುಕ್ಕು ಎಂದು ಬೇರೆ ಬೇರೆ ಮಾತುಗಳಿರುವುದು ಸುಮ್ಮನೆ ಅಲ್ಲ. ಕಾಯಿಲೆ ಯಾವುದೆಂದು ತಿಳಿಯದೆ ಮದ್ದು ಕೊಡಲಾಗದು. ಆದ್ದರಿಂದ ಕೌದಿಯನ್ನು ಗೋಡೆಯಿಂದ ಇಳಿಸಿ, ಸಮನಾದ ನೆಲದ ಮೇಲೆ ಎಳೆಯದೆ ಹರಡಿ, ಅಂಗೈಯಿಂದ ಮೆಲ್ಲಗೆ ಸವರಿ, ಟೇಪು ಹಿಡಿದು ಈ ಅಳತೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಅಗಲವನ್ನು ಮೂರು ಕಡೆ ಅಳೆಯಿರಿ: ಮೇಲಂಚಿನಲ್ಲಿ, ನಡುವಿನಲ್ಲಿ, ಕೆಳ ಅಂಚಿನಲ್ಲಿ. ಉದ್ದವನ್ನೂ ಹಾಗೆಯೇ ಎಡಕ್ಕೆ, ನಡುವೆ, ಬಲಕ್ಕೆ ಅಳೆಯಿರಿ. ಕೊನೆಗೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ಈ ಕೊನೆಯ ಅಳತೆಯೇ ಮುಖ್ಯ. ಜನ ಮರೆಯುವುದೂ ಇದನ್ನೇ.

ಕರ್ಣವೇಕೆ ಮುಖ್ಯ? ಎದುರುಬದುರು ಭುಜಗಳು ಸಮವಾಗಿದ್ದ ಮಾತ್ರಕ್ಕೆ ಆಕೃತಿ ಆಯತವಾಗುವುದಿಲ್ಲ. ವಾಲಿದ ಸಮಾಂತರ ಚತುರ್ಭುಜವೂ ಆಗಿರಬಹುದು. ಕರ್ಣಗಳು ಸಮವಾಗಿದ್ದ ಮಾತ್ರಕ್ಕೂ ಆಯತವಾಗುವುದಿಲ್ಲ. ಮೇಲೆ ಕಿರಿದು, ಕೆಳಗೆ ಅಗಲವಾದ ಸಮದ್ವಿಬಾಹು ತ್ರಾಪಿಜ್ಯದಲ್ಲಿಯೂ ಕರ್ಣಗಳು ಸಮವೇ. ಎದುರು ಭುಜಗಳೂ ಸಮ, ಕರ್ಣಗಳೂ ಸಮ ಎಂದಾದರೆ ಮಾತ್ರ ನಾಲ್ಕು ಮೂಲೆಗಳೂ ಲಂಬಕೋನಗಳಾಗುತ್ತವೆ. ಗಣಿತದ ಪುಸ್ತಕದಲ್ಲಿ ಓದಿ ಮರೆತ ಈ ಪ್ರಮೇಯ ಬಟ್ಟೆಯ ಮೇಲೆ ಜೀವಂತವಾಗಿ ಎದ್ದು ನಿಲ್ಲುವುದನ್ನು ನಮ್ಮ ಮಕ್ಕಳು ಕಂಡರು.

ಕರ್ಣ ಎಷ್ಟಿರಬೇಕೆಂಬುದಕ್ಕೂ ಲೆಕ್ಕವಿದೆ. ನಮ್ಮ ದೇಶದಲ್ಲಿ ಕ್ರಿಸ್ತಪೂರ್ವದಲ್ಲೇ ಯಜ್ಞವೇದಿಕೆಗಳನ್ನು ಕಟ್ಟುವವರಿಗಾಗಿ ಶುಲ್ಬಸೂತ್ರಗಳು ರಚಿತವಾದವು. ಶುಲ್ಬವೆಂದರೆ ಹಗ್ಗ. ಆಯತದ ಕರ್ಣದ ಮೇಲಿನ ಚೌಕವು ಅದರ ಉದ್ದ ಅಗಲಗಳ ಮೇಲಿನ ಚೌಕಗಳ ಮೊತ್ತಕ್ಕೆ ಸಮವೆಂಬ ತತ್ವವನ್ನು ಬೌಧಾಯನರ ಶುಲ್ಬಸೂತ್ರ ಹೇಳುತ್ತದೆ. ಗ್ರೀಕರ ಪೈಥಾಗೊರಸನ ಹೆಸರಿನಲ್ಲಿ ನಾವು ಓದುವ ಪ್ರಮೇಯವೂ ಇದೇ. ಇಂದಿಗೂ ಗಾರೆ ಕೆಲಸದವರು ಮನೆಯ ಪಾಯ ಹಾಕುವಾಗ ಮೂರು, ನಾಲ್ಕು, ಐದರ ಅಳತೆಯಲ್ಲಿ ದಾರ ಕಟ್ಟಿ ಮೂಲೆಯನ್ನು ಮಟ್ಟಮಾಡುತ್ತಾರೆ. ನಮ್ಮ ಕೌದಿಯ ಅಗಲ 90, ಅಂದರೆ 30ರ ಮೂರರಷ್ಟು. ಉದ್ದ 120, ನಾಲ್ಕರಷ್ಟು. ಹಾಗಾದರೆ ಕರ್ಣ ಐದರಷ್ಟು, ಅಂದರೆ 150 ಸೆಂಟಿಮೀಟರು ಇರಬೇಕು.

ಅಳೆದಾಗ ಕಂಡದ್ದೇನು? ಮೇಲಿನ ಅಗಲ 90, ನಡುವಿನ ಅಗಲ 90. ಕೆಳ ಅಂಚನ್ನು ಅದರ ಅಲೆಗಳ ಮೇಲೆಯೇ ಟೇಪು ಹಾಯಿಸಿ ಅಳೆದರೆ 93. ಎಡ, ನಡು, ಬಲ ಮೂರು ಉದ್ದಗಳೂ 120. ಕರ್ಣಗಳು ಮಾತ್ರ ಒಂದು 152, ಇನ್ನೊಂದು 148. ಹೀಗೆ ಎರಡು ಬೇರೆ ಬೇರೆ ದೋಷಗಳಿವೆಯೆಂದು ತಿಳಿಯಿತು. ಒಂದು, ಇಡೀ ಕೌದಿ ಮೂರು ಸೆಂಟಿಮೀಟರಿಗೂ ಮಿಕ್ಕಿ ಒಂದು ಬದಿಗೆ ಓರೆಯಾಗಿದೆ. ಎರಡು, ಕೆಳ ಅಂಚು ಮೂರು ಸೆಂಟಿಮೀಟರು ಹೆಚ್ಚು ಹಿಗ್ಗಿದೆ. ಕತ್ತರಿ ಹಾಕಿದ್ದರೆ ಮೊದಲನೆಯದು ಕಣ್ಣಿಗೆ ಮರೆಯಾಗುತ್ತಿತ್ತು. ಎರಡನೆಯದು ಹಾಗೆಯೇ ಉಳಿಯುತ್ತಿತ್ತು.

ಸೊಟ್ಟಗಾಗುವುದೇಕೆ?

ಜೀವನದಲ್ಲಿ ಹಾಸುಹೊಕ್ಕಾಗಿದೆ ಎಂಬ ಮಾತನ್ನು ಪ್ರಬಂಧಗಳಲ್ಲಿ ಬರೆಯುತ್ತೇವೆ. ಅದು ಮಗ್ಗದಿಂದ ಬಂದ ಮಾತು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು. ಅಡ್ಡಲಾಗಿ ಲಾಳಿಯಿಂದ ಹಾಯುವ ನೂಲು ಹೊಕ್ಕು. ಒಂದು ಕರವಸ್ತ್ರವನ್ನು ಕೈಗೆ ತೆಗೆದುಕೊಂಡು ಹಾಸಿನ ದಿಕ್ಕಿಗೆ ಎಳೆಯಿರಿ; ಅದು ಹಿಗ್ಗುವುದಿಲ್ಲ. ಹೊಕ್ಕಿನ ದಿಕ್ಕಿಗೆ ಎಳೆದರೆ ಕೊಂಚ ಹಿಗ್ಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಿರಿ, ರಬ್ಬರಿನಂತೆ ಹಿಗ್ಗುತ್ತದೆ. ಎಳೆಗಳು ಉದ್ದವಾದವೆಂದಲ್ಲ, ಎಳೆಗಳ ನಡುವಿನ ಕೋನ ಬದಲಾಯಿತು. ನಮ್ಮ ಕೌದಿ ಓರೆಯಾದದ್ದೂ ಹೀಗೆಯೇ. ಎದುರುಬದುರು ಕುಳಿತ ಮಕ್ಕಳು ತಂತಮ್ಮ ತೊಡೆಯ ಮೇಲಕ್ಕೆ ಎರಡು ಮೂಲೆಗಳನ್ನು ಎಳೆದುಕೊಂಡು ಹೊಲಿದರು. ಪದರಗಳನ್ನು ಮೊದಲೇ ಉದ್ದನೆಯ ಕಚ್ಚಾ ಹೊಲಿಗೆಯಿಂದ ಕೂಡಿಸಿ ನಿಲ್ಲಿಸಿದ್ದರೆ ಬಟ್ಟೆ ಸರಿಯುತ್ತಿರಲಿಲ್ಲ. ನಾವು ಅವಸರದಲ್ಲಿ ಅಲ್ಲೊಂದು ಇಲ್ಲೊಂದು ಪಿನ್ನು ಚುಚ್ಚಿ ಬಿಟ್ಟಿದ್ದೆವು.

ಎರಡನೆಯ ಕಾರಣ ಹೊಲಿಗೆಯ ಒತ್ತು. ಪ್ರತಿಯೊಂದು ಸಾಲು ಹೊಲಿಗೆಯೂ ಬಟ್ಟೆಯನ್ನು ನೂಲಿನಷ್ಟು ಒಳಕ್ಕೆ ಸೆಳೆದುಕೊಳ್ಳುತ್ತದೆ. ಸಾಲುಗಳು ಒತ್ತಾಗಿರುವಲ್ಲಿ ಬಟ್ಟೆ ಕುಗ್ಗುತ್ತದೆ. ವಿರಳವಾಗಿರುವಲ್ಲಿ ಸಡಿಲವಾಗಿ ಉಳಿಯುತ್ತದೆ. ನಮ್ಮ ಕೌದಿಯ ನಡುವಿನಲ್ಲಿ ಸಾಲುಗಳ ಅಂತರ ಒಂದು ಬೆರಳು. ಕೆಳಕ್ಕೆ ಬರುವಷ್ಟರಲ್ಲಿ ವಾರ್ಷಿಕೋತ್ಸವ ಹತ್ತಿರವಾಗಿ ಅಂತರ ಮೂರು ಬೆರಳಾಯಿತು. ನಡು ಕುಗ್ಗಿತು, ಅಂಚು ಕುಗ್ಗಲಿಲ್ಲ. ಮಿಕ್ಕ ಬಟ್ಟೆ ಅಲೆಯಾಗಿ ಎದ್ದಿತು. ಇದರ ಜೊತೆಗೆ ದಾರವನ್ನು ಒಬ್ಬರು ಬಿಗಿಯಾಗಿ ಎಳೆಯುತ್ತಾರೆ, ಇನ್ನೊಬ್ಬರು ಸಡಿಲ ಬಿಡುತ್ತಾರೆ. ಹತ್ತು ಕೈ ಹೊಲಿದ ಕೌದಿಯಲ್ಲಿ ಹತ್ತು ಬಗೆಯ ಬಿಗಿ ಇದ್ದೇ ಇರುತ್ತದೆ.

ಮೂರನೆಯದು ಬಟ್ಟೆಯನ್ನು ಎಳೆ ತಪ್ಪಿ ಕತ್ತರಿಸುವುದು. ಅಸ್ತರಿನ ಬಟ್ಟೆಯನ್ನು ಒಂದು ಎಳೆಯನ್ನು ಹಿಡಿದು ಅದರ ನೇರಕ್ಕೆ ಕತ್ತರಿಸಬೇಕು. ಕಣ್ಣಂದಾಜಿನಲ್ಲಿ ಓರೆಯಾಗಿ ಕತ್ತರಿಸಿದರೆ ಒಗೆದ ಮೇಲೆ ಬಟ್ಟೆ ತನ್ನ ಎಳೆಯ ನೇರಕ್ಕೆ ತಿರುಗಿಕೊಳ್ಳುತ್ತದೆ. ಕೆಲವು ಪಾಯಿಜಾಮಗಳ ಕಾಲು ಎರಡು ಒಗೆತಕ್ಕೆ ತಿರುಚಿಕೊಳ್ಳುವುದು ಇದೇ ಕಾರಣದಿಂದ. ಹೊಸ ಬಟ್ಟೆಯನ್ನು ಹಳೆಯ ಬಟ್ಟೆಯ ಪಕ್ಕದಲ್ಲಿ ಒಗೆಯದೆ ಸೇರಿಸುವುದೂ ತಪ್ಪು. ಹಳೆಯದು ಕುಗ್ಗುವಷ್ಟೂ ಕುಗ್ಗಿ ಮುಗಿಸಿರುತ್ತದೆ. ಹೊಸದು ಇನ್ನು ಮೇಲೆ ಕುಗ್ಗುತ್ತದೆ.

ನೀರು ಕುಡಿಸುವುದು

ಓರೆಯಾದ ಕೌದಿಗೆ ಮೊದಲ ಮದ್ದು ನೀರು. ಹತ್ತಿಯ ನೂಲು ನೀರು ಕುಡಿದಾಗ ಮೆತ್ತಗಾಗಿ, ಹಳೆಯ ಬಾಗುಗಳನ್ನು ಬಿಟ್ಟುಕೊಡುತ್ತದೆ; ಒಣಗುವಾಗ ಯಾವ ಆಕಾರದಲ್ಲಿ ನಿಲ್ಲಿಸಿದ್ದೇವೆಯೋ ಆ ಆಕಾರವನ್ನು ಹಿಡಿಯುತ್ತದೆ. ಪಾಲಿಯೆಸ್ಟರಿನಂಥ ಬಟ್ಟೆಗೆ ಈ ಗುಣ ಬಹಳ ಕಡಿಮೆ. ಆದ್ದರಿಂದ ಹತ್ತಿಯೇ ಹೆಚ್ಚಾಗಿರುವ ಕೌದಿಗೆ ಮಾತ್ರ ಈ ಉಪಾಯ ಚೆನ್ನಾಗಿ ಫಲಿಸುತ್ತದೆ.

ನೀರು ಸೋಕಿಸುವ ಮುನ್ನ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಬಿಳಿಯ ಅರಿವೆಯ ತುದಿಯನ್ನು ಒದ್ದೆಮಾಡಿ ಪ್ರತಿಯೊಂದು ತುಂಡಿನ ಮೇಲೂ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳಲ್ಲಿ ವಿಶೇಷ ಎಚ್ಚರ ಬೇಕು. ಬಿಳಿಯ ಅರಿವೆಗೆ ಬಣ್ಣ ಹತ್ತಿದರೆ ಆ ಕೌದಿಯನ್ನು ನೆನೆಸಲೇಬಾರದು. ಓರೆ ಇದ್ದರೂ ಚಿಂತೆಯಿಲ್ಲ. ಪಕ್ಕದ ತುಂಡಿಗೆ ಹರಿದ ಬಣ್ಣವನ್ನು ತೆಗೆಯುವುದು ಬಲು ಕಷ್ಟ.

ನಾವು ಮೆತ್ತನೆಯ ಹಲಗೆಯ ಸೂಚನಾಫಲಕವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಮಲಗಿಸಿದೆವು. ಅದರ ಬಣ್ಣ ಕೌದಿಗೆ ಹತ್ತದಂತೆ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಬಿಳಿಯ ಪಂಚೆಯನ್ನೂ ಹಾಸಿದೆವು. ಮನೆಯಲ್ಲಿ ಬಿಗಿಯಾದ ಹತ್ತಿಯ ಹಾಸಿಗೆಯ ಮೇಲೆಯೂ ಇದನ್ನು ಮಾಡಬಹುದು. ನಾಲ್ಕು ಗುಂಡುಸೂಜಿಗಳನ್ನು ಚುಚ್ಚಿ, ದಾರ ಸುತ್ತಿ 90ಕ್ಕೆ 120ರ ಆಯತವನ್ನು ಕಟ್ಟಿದೆವು. ಎರಡು ಕರ್ಣಗಳೂ 150 ಬರುವ ತನಕ ಸೂಜಿಗಳನ್ನು ಸರಿಸಿದೆವು. ಮೂಲೆಮಟ್ಟವನ್ನಿಟ್ಟು ಮೂಲೆಗಳನ್ನು ಮತ್ತೊಮ್ಮೆ ಪರೀಕ್ಷಿಸಿದೆವು. ಈ ದಾರದ ಚೌಕಟ್ಟೇ ನಮ್ಮ ಗುರಿ.

ಬಳಿಕ ಕೌದಿಗೆ ತಣ್ಣೀರನ್ನು ಚಿಮುಕಿಸಿ, ಎಲ್ಲ ಪದರಗಳಿಗೂ ಇಳಿಯುವಂತೆ ಹದವಾಗಿ ಒದ್ದೆಮಾಡಬೇಕು. ನೀರು ತೊಟ್ಟಿಕ್ಕುವಷ್ಟು ಬೇಡ. ಒದ್ದೆಯಾದ ಕೌದಿ ಭಾರವಾಗಿರುವುದರಿಂದ ಅದನ್ನು ಒಂದು ತುದಿಯಿಂದ ಎತ್ತಬಾರದು; ಮಗುವನ್ನೆತ್ತುವಂತೆ ಎರಡು ಕೈಗಳನ್ನೂ ಅಡಿಗೆ ಕೊಟ್ಟು ಎತ್ತಬೇಕು. ಚೌಕಟ್ಟಿನೊಳಗೆ ಹಾಸಿ, ಮೊದಲು ನಾಲ್ಕು ಬದಿಗಳ ನಡುಭಾಗಕ್ಕೆ ಗುಂಡುಸೂಜಿ ಚುಚ್ಚಬೇಕು. ಆಮೇಲೆ ಮೂಲೆಗಳಿಗೆ, ಕೊನೆಗೆ ನಡುವೆ ಉಳಿದ ಕಡೆಗೆ. ಕಡಿಮೆಯಿರುವ ಕರ್ಣದ ದಿಕ್ಕಿಗೆ ಅಂಗೈಯಿಂದ ಮೆಲ್ಲಮೆಲ್ಲಗೆ ಸವರುತ್ತ ಸರಿಸಬೇಕು. ಬೆರಳ ತುದಿಯಿಂದ ಚಿವುಟಿ ಎಳೆದರೆ ಹಳೆಯ ಸೀರೆ ಹರಿಯುತ್ತದೆ. ಸೂಜಿಗಳು ತುಕ್ಕು ಹಿಡಿಯದಂಥವಾಗಿರಲಿ. ಕಬ್ಬಿಣದ ಸೂಜಿಯನ್ನು ರಾತ್ರಿಯಿಡೀ ಒದ್ದೆಯಲ್ಲಿ ಬಿಟ್ಟರೆ ಕೆಂಪು ಕಲೆ ನಿಲ್ಲುತ್ತದೆ.

ಒಣಗುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ ಆಗಲಿ. ಮೇಲಿನ ಪದರ ಒಣಗಿದರೂ ಒಳಗೆ ಪಸೆ ಉಳಿದಿರುತ್ತದೆ. ಅವಸರದಿಂದ ಸೂಜಿ ಕಿತ್ತರೆ ಕೌದಿ ಮತ್ತೆ ಹಳೆಯ ದಾರಿ ಹಿಡಿಯುತ್ತದೆ. ನಾವು ಎರಡು ದಿನ ಕಾದೆವು. ಸೂಜಿ ತೆಗೆದು ಅಳೆದಾಗ ಕರ್ಣಗಳು 150.5 ಮತ್ತು 149.5. ಮಕ್ಕಳು ಚಪ್ಪಾಳೆ ತಟ್ಟಿದರು. ಒಂದು ಸೆಂಟಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಈ ಮದ್ದು ಮುಂದಿನ ಒಗೆತದವರೆಗೆ ಮಾತ್ರ. ಮತ್ತೆ ಒಗೆದರೆ ಮತ್ತೆ ಹೀಗೆಯೇ ಚೌಕಟ್ಟಿನಲ್ಲಿ ಒಣಗಿಸಬೇಕು. ಎಳೆ ತಪ್ಪಿ ಕತ್ತರಿಸಿದ ಕೌದಿಗಂತೂ ಇದು ತಪ್ಪದು.

ಅಲೆಗಟ್ಟಿದ ಅಂಚು

ಕೆಳ ಅಂಚಿನ ದೋಷ ನೀರಿನಿಂದ ಹೋಗುವಂಥದಲ್ಲ. ಅಲ್ಲಿ ಬಟ್ಟೆಯೇ ಹೆಚ್ಚಾಗಿತ್ತು. ಮೊದಲು ಹೊಲಿಗೆ ವಿರಳವಾಗಿದ್ದ ಜಾಗದಲ್ಲಿ ಸಾಲುಗಳ ನಡುವೆ ಇನ್ನಷ್ಟು ಸಾಲುಗಳನ್ನು ಹೊಲಿದು ನಡುವಿನಷ್ಟೇ ಒತ್ತು ಮಾಡಿದೆವು. ಅರ್ಧ ಅಲೆ ಅಲ್ಲಿಗೇ ಇಳಿಯಿತು. ಬಳಿಕ ಕೆಳಗಿನ ಅಂಚುಪಟ್ಟಿಯನ್ನು ಬಿಚ್ಚಿ, ಅಂಚಿಗೆ ಹತ್ತಿರವಾಗಿ ಸಣ್ಣ ಸಾದಾ ಹೊಲಿಗೆಯ ಒಂದು ಸಾಲನ್ನು ಗಟ್ಟಿ ದಾರದಿಂದ ಹಾಕಿದೆವು. ದಾರದ ತುದಿಯನ್ನು ಮೆಲ್ಲಗೆ ಎಳೆಯುತ್ತ, ಹೆಚ್ಚಾದ ಬಟ್ಟೆ ಒಂದೇ ಕಡೆ ನಿರಿಗೆಯಾಗದಂತೆ ಅಂಚಿನುದ್ದಕ್ಕೂ ಹಂಚಿ, 90ಕ್ಕೆ ತಂದು ಗಂಟು ಹಾಕಿದೆವು. ಮೇಲೆ ಒದ್ದೆ ಬಟ್ಟೆಯನ್ನಿಟ್ಟು ಹದವಾದ ಇಸ್ತ್ರಿಯನ್ನು ಉಜ್ಜದೆ ಒತ್ತಿ ಒತ್ತಿ ಎತ್ತಿದೆವು.

ಆಮೇಲೆ ಹೊಸ ಅಂಚುಪಟ್ಟಿ. ಇದನ್ನು ಹಾಸಿನ ದಿಕ್ಕಿಗೆ ಕತ್ತರಿಸಬೇಕು. ಹಾಸಿನ ನೂಲು ಹಿಗ್ಗದೆ ಅಂಚನ್ನು ಹಿಡಿದು ನಿಲ್ಲಿಸುತ್ತದೆ. ಪಟ್ಟಿಯನ್ನು ಕೌದಿಯ ಅಂಚಿಗಲ್ಲ, ನಡುವಿನ ಅಗಲಕ್ಕೆ ಅಳೆದು, ಎರಡು ತುದಿ ಮಡಿಸಲು ಬೇಕಾದಷ್ಟನ್ನು ಬಿಟ್ಟು ಮೊದಲೇ ಕತ್ತರಿಸಿಕೊಳ್ಳಬೇಕು. ಪಟ್ಟಿಯನ್ನು ಹೊಲಿಯುತ್ತ ಹೋಗಿ ಉಳಿದದ್ದನ್ನು ಕೊನೆಗೆ ಕತ್ತರಿಸಿದರೆ ಅಂಚು ಹಿಗ್ಗಿದಷ್ಟೂ ಪಟ್ಟಿ ಅದರ ಹಿಂದೆ ಹೋಗುತ್ತದೆ. ನಾವು ಮೊದಲ ಸಲ ಮಾಡಿದ್ದು ಹಾಗೆಯೇ.

ತೂಗುಹಾಕುವ ಕ್ರಮ

ಕೌದಿಯ ಎರಡು ಮೂಲೆಗಳಿಗೆ ಮಾತ್ರ ಕುಣಿಕೆ ಕಟ್ಟಿ ಮೊಳೆಗೆ ಸಿಕ್ಕಿಸಿದರೆ ನಡು ಜೋಲುತ್ತದೆ. ಭಾರವೆಲ್ಲ ಮೂಲೆಗಳ ಮೇಲೆ ಬಿದ್ದು ಬಟ್ಟೆ ಮತ್ತೆ ಓರೆಯಾಗಿ ಹಿಗ್ಗುತ್ತದೆ. ಲಂಗದ ಲಾಡಿ ಹಾಯಿಸಲು ಇರುವಂಥ ಕೊಳವೆಪಟ್ಟಿಯನ್ನು ಹಿಂಬದಿಯಲ್ಲಿ ಮೇಲಂಚಿನುದ್ದಕ್ಕೂ ಹೊಲಿದು, ಅದರೊಳಗೆ ನೇರವಾದ ಕೋಲನ್ನು ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಪಟ್ಟಿಯನ್ನು ಹೊಲಿಯುವಾಗ ಸೂಜಿ ಅಸ್ತರನ್ನು ಮಾತ್ರ ಹಿಡಿಯಲಿ, ಮುಂಬದಿಗೆ ಬರದಿರಲಿ. ಕೆಳಗೂ ಇಂಥದೇ ಸಣ್ಣ ಪಟ್ಟಿ ಹೊಲಿದು ಹಗುರವಾದ ಬಿದಿರ ಕಡ್ಡಿಯನ್ನು ಸೇರಿಸಿದರೆ ಕೆಳ ಅಂಚು ಗೋಡೆಗೆ ಅಂಟಿ ನಿಲ್ಲುತ್ತದೆ.

ಮೇಲಂಚು ಕೊಂಚ ಏರುಪೇರಾಗಿದ್ದರೆ ಕೊಳವೆಪಟ್ಟಿಯನ್ನು ಅದಕ್ಕೆ ಹೊಂದಿಸಿ ಹೊಲಿಯಬೇಡಿ. ಹಿಂಬದಿಯಲ್ಲಿ ಅಳತೆಕೋಲಿಟ್ಟು ಎಳೆದ ನೇರ ಗೆರೆಗೆ ಹೊಲಿಯಿರಿ. ಕೋಲು ರಸಮಟ್ಟಕ್ಕೆ ಸರಿಯಾಗಿ ಕುಳಿತರೆ ಕೌದಿ ತಾನಾಗಿ ನೆಟ್ಟಗೆ ಇಳಿಯುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಬಣ್ಣ ಮಾಸುತ್ತದೆ, ನೂಲು ಸೊರಗುತ್ತದೆ.

ಕತ್ತರಿ ಹಿಡಿಯುವುದು ಯಾವಾಗ?

ಕತ್ತರಿ ಸದಾ ಬೇಡವೆಂದು ನಾವು ಹೇಳುವುದಿಲ್ಲ. ಅಂಚಿನಲ್ಲಿ ಒಂದೇ ಬಣ್ಣದ ಅಗಲವಾದ ಪಟ್ಟಿಯಿದ್ದು, ನೀರಿನಿಂದಲೂ ಹೊಲಿಗೆಯಿಂದಲೂ ಸರಿಯಾಗದೆ ಉಳಿದ ಓರೆಯನ್ನು ಆ ಪಟ್ಟಿಯಲ್ಲಿ ತೆಗೆಯಬಹುದಾದರೆ ಕತ್ತರಿಸಬಹುದು. ಆದರೆ ಕೈಹೊಲಿಗೆಯ ಸಾಲುಗಳ ತುದಿಯ ಗಂಟುಗಳು ಅಂಚಿನಲ್ಲೇ ಇರುತ್ತವೆ. ಅವುಗಳನ್ನು ಕತ್ತರಿಸಿದರೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಆದ್ದರಿಂದ ಕತ್ತರಿಸುವ ಗೆರೆಯಿಂದ ಒಳಗೆ ಸುತ್ತಲೂ ಎರಡು ಸಾಲು ಒತ್ತು ಹೊಲಿಗೆ ಹಾಕಿ, ಆಮೇಲೆ ಕತ್ತರಿಸಿ, ಕೂಡಲೇ ಅಂಚುಪಟ್ಟಿ ಹೊಲಿಯಬೇಕು. ಗೆರೆ ಎಳೆದ ಮೇಲೆ ಒಂದು ರಾತ್ರಿ ಬಿಟ್ಟು, ಹೊರಗೆ ಬಿದ್ದಿರುವ ತುಂಡುಗಳು ಯಾರ ಮನೆಯವೆಂದು ನೋಡಿ, ಅವರನ್ನೊಮ್ಮೆ ಕೇಳುವುದು ಒಳ್ಳೆಯದು.

ಎಲ್ಲ ಡೊಂಕೂ ತಪ್ಪಲ್ಲ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. 2003ರಲ್ಲಿ ಆ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳು ಇಂದು ಹೊರದೇಶಗಳಲ್ಲಿಯೂ ಹೆಸರಾಗಿವೆ. ಅವರು ಹೊಲಿಗೆಯನ್ನು ಹೊರಗಿನ ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿಟ್ಟು ಹೊಲಿದು ಅದನ್ನು ಫುಲಾ, ಅಂದರೆ ಹೂ, ಎನ್ನುತ್ತಾರೆ. ಆ ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ಅಳತೆಪಟ್ಟಿಗಿಂತ ಕಣ್ಣನ್ನೂ ಕೈಯನ್ನೂ ನಂಬಿದ ಈ ಕೆಲಸದಲ್ಲಿ ಗೆರೆಗಳು ಅಲ್ಲಲ್ಲಿ ಬಾಗಿರುತ್ತವೆ. ಅದರ ಚೆಲುವೂ ಅದರಲ್ಲಿಯೇ ಇದೆ.

ಕಡಲಾಚೆ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಚಳಿಗೆಂದು ಹೊದಿಕೆ ಹೊಲಿಯುತ್ತಿದ್ದರು. ಅನೇಕ ಹೊದಿಕೆಗಳ ಮೂಲೆಗಳು ಮಟ್ಟವಾಗಿಲ್ಲ, ಪಟ್ಟಿಗಳು ನೇರವಾಗಿಲ್ಲ. ಅವುಗಳನ್ನೇ 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆಗಳ ಮೇಲೆ ತೂಗುಹಾಕಲಾಯಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಯಾರೂ ಅವುಗಳ ಅಂಚು ಕತ್ತರಿಸಿ ನೇರಮಾಡಲಿಲ್ಲ.

ಹಾಗೆಂದು ನಮ್ಮ ಅವಸರದ ತಪ್ಪನ್ನು ಕಲೆಯೆಂದು ಕರೆದುಕೊಳ್ಳುವುದು ಸಲ್ಲದು. ಅವರ ಓರೆ ಅವರು ಬಲ್ಲ ಓರೆ. ನಮ್ಮದು ನಾವು ಅರಿಯದೆ ಮಾಡಿದ್ದು. ಅಜ್ಜಿ ಹೊಲಿದಿಟ್ಟುಹೋದ ಕೌದಿ ಸೊಟ್ಟಗಿದ್ದರೆ ಅದನ್ನು ಹಾಗೆಯೇ ಬಿಡಿ. ಅದು ಅವರ ಕೈಬರಹವಿದ್ದಂತೆ. ಈಗ ನಾವು ಹೊಲಿಯುತ್ತಿರುವುದು ಸೊಟ್ಟಗಿದ್ದರೆ ತಿದ್ದೋಣ. ಆದರೆ ಅಳೆದು, ಕಾರಣ ತಿಳಿದು, ಮರಳಿ ಸರಿಪಡಿಸಬಹುದಾದ ಉಪಾಯವನ್ನು ಮೊದಲು ಮಾಡಿ, ಮರಳಿ ಬಾರದ ಉಪಾಯವನ್ನು ಕಡೆಗಿಡೋಣ. ನೀರು ಹಾಕಿದ್ದು ಸರಿಬಾರದಿದ್ದರೆ ಮತ್ತೆ ಹಾಕಬಹುದು. ಹೊಲಿದದ್ದನ್ನು ಬಿಚ್ಚಬಹುದು. ಕತ್ತರಿಸಿದ್ದನ್ನು ಮಾತ್ರ ಮತ್ತೆ ಪಡೆಯಲಾಗದು.

ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗಲೂ ನಮಗೆ ಈಗ ಆ ಅಜ್ಜಿಯ ಮಾತು ನೆನಪಾಗುತ್ತದೆ. ಕೆಂಪು ಗೆರೆ ಎಳೆಯುವ ಮುನ್ನ, ಈ ತಪ್ಪು ಯಾವ ಬಗೆಯದು, ಎಲ್ಲಿ ಎಳೆದದ್ದರಿಂದ ಹೀಗಾಯಿತು ಎಂದು ಒಂದು ಗಳಿಗೆ ಯೋಚಿಸುತ್ತೇವೆ.

ಕೌದಿ ಈಗ ದೊಡ್ಡ ಕೊಠಡಿಯ ಗೋಡೆಯ ಮೇಲಿದೆ. ವಾರ್ಷಿಕೋತ್ಸವಕ್ಕೆ ಬರುವ ತಂದೆತಾಯಂದಿರು ದಯವಿಟ್ಟು ನೋಡಬೇಕು. ನಿಮ್ಮ ಮನೆಯ ತುಂಡು ಎಲ್ಲಿದೆಯೆಂದು ಮಕ್ಕಳು ತೋರಿಸುತ್ತಾರೆ. ಬಲಗಡೆಯ ಕೆಳಮೂಲೆಯಲ್ಲಿ ಬದನೆಕಾಯಿ ಬಣ್ಣದ ಸೀರೆಯ ಅಂಚು ತನ್ನ ಹೊರಗಿನ ಪಟ್ಟೆಯ ಸಮೇತ ಪೂರ್ತಿಯಾಗಿ ಇದೆ.